ಹಾರುವ ಮುನ್ನ ನೆಲದ ಪಾಠ

ನಮ್ಮ ಬಳಿಗೆ ಜನರು ಬರುವುದು ಬಹುಮಟ್ಟಿಗೆ ಕೂಸಿಗೆ ಒಂದು ಒಳ್ಳೆಯ ಹೆಸರು ಕೇಳುವುದಕ್ಕೆ, ಹೊಸ ಮನೆಯ ಪ್ರವೇಶಕ್ಕೆ ಆಮಂತ್ರಿಸುವುದಕ್ಕೆ, ಇಲ್ಲವೆ ಅಣ್ಣತಮ್ಮಂದಿರ ಪಾಲಿನ ತಕರಾರಿನಲ್ಲಿ ನಾಲ್ಕು ಹಿತದ ಮಾತು ಹೇಳಿಸುವುದಕ್ಕೆ. ಈಚಿನ ಎರಡು ವರ್ಷಗಳಲ್ಲಿ ಇವುಗಳ ಜೊತೆಗೆ ಹೊಸದೊಂದು ಪ್ರಶ್ನೆಯೂ ಬರತೊಡಗಿದೆ. ಇಂಡಿಯಿಂದ ಒಬ್ಬರು, ಸಿಂದಗಿಯಿಂದ ಇಬ್ಬರು, ಮುದ್ದೇಬಿಹಾಳದ ಕಡೆಯಿಂದ ಒಬ್ಬರು, ಬಸವನ ಬಾಗೇವಾಡಿಯ ನಮ್ಮದೇ ಓಣಿಯಿಂದ ಒಬ್ಬರು, ಹೀಗೆ ಐದು ಮನೆತನದ ಪಾಲಕರು ಬಂದು, ತಮ್ಮ ಮಗ ಅಥವಾ ಮಗಳು ವಿಮಾನ ನಡೆಸುವ ವಿದ್ಯೆ ಕಲಿಯಬೇಕೆಂದು ಹಟ ಹಿಡಿದಿರುವುದನ್ನು ತಿಳಿಸಿ, ಏನು ಮಾಡಬೇಕೆಂದು ಕೇಳಿದ್ದಾರೆ. ಮಠದ ಪಾಠಶಾಲೆಯಲ್ಲಿ ವ್ಯಾಕರಣ, ಕಾವ್ಯ, ಶಾಸ್ತ್ರಗಳನ್ನು ಓದಿ ಅರವತ್ತು ದಾಟಿದ ನಮಗೂ ಆ ವಿದ್ಯೆಗೂ ಏನು ಸಂಬಂಧ? ಗೊತ್ತಿಲ್ಲವೆಂದು ಹೇಳಿ ಕಳಿಸುವುದು ಸುಲಭವಾಗಿತ್ತು. ಆದರೆ ಆ ಐದರಲ್ಲಿ ಇಂಡಿಯ ಮನೆ ನಮ್ಮ ಅಣ್ಣನವರದೇ. ಆದ್ದರಿಂದ ನಾವು ಕೇಳಿ, ಓದಿ, ತಿಳಿದವರನ್ನು ವಿಚಾರಿಸಿ ಅರಿತುಕೊಂಡ ಸಂಗತಿಗಳನ್ನು ಬಂಧುಗಳ ಮುಂದೆ ಇಡುವುದು ಉಚಿತವೆಂದು ಭಾವಿಸಿದ್ದೇವೆ.

ಮಕ್ಕಳ ಈ ಆಸೆ ಕಾರಣವಿಲ್ಲದೆ ಹುಟ್ಟಿದ್ದಲ್ಲ. 2024ರಲ್ಲಿ ನಮ್ಮ ವಿಜಯಪುರದ ಸಮೈರಾ ಹುಲ್ಲೂರು ಎಂಬ ತರುಣಿ, ತನ್ನ ಹದಿನೆಂಟನೆಯ ವಯಸ್ಸಿನಲ್ಲಿಯೇ ವಾಣಿಜ್ಯ ವಿಮಾನ ಚಾಲಕರ ಪರವಾನಗಿ ಪಡೆದ ಸುದ್ದಿ ನಾಡಿನ ಪತ್ರಿಕೆಗಳಲ್ಲೆಲ್ಲ ಬಂದಿತು. ದೆಹಲಿಯಲ್ಲಿ ಪುಸ್ತಕದ ಪಾಠ, ಮಹಾರಾಷ್ಟ್ರದ ಬಾರಾಮತಿಯಲ್ಲಿ ಹಾರಾಟದ ಪಾಠ, ಒಟ್ಟು 200 ಗಂಟೆಗಳ ಆಕಾಶವಾಸ. ಇಷ್ಟನ್ನು ಆ ಕೂಸು ಸಾಧಿಸಿತು. ಗುಮ್ಮಟದ ಊರಿನ ಹುಡುಗಿಗೆ ಸಾಧ್ಯವಾದದ್ದು ಭೀಮಾತೀರದ, ಕೃಷ್ಣಾತೀರದ ಹುಡುಗಿಯರಿಗೆ ಏಕೆ ಸಾಧ್ಯವಾಗದು ಎಂದು ಮನೆಮನೆಯ ಮಕ್ಕಳು ಕೇಳಿದರೆ ಅದರಲ್ಲಿ ತಪ್ಪೇನೂ ಇಲ್ಲ. ಕಲಿಯುವ ಸ್ಥಳವೂ ಈಗ ಮೊದಲಿನಷ್ಟು ದೂರವಿಲ್ಲ. 2019ರ ನವೆಂಬರದಲ್ಲಿ ಕಲಬುರಗಿಯ ವಿಮಾನ ನಿಲ್ದಾಣ ಆರಂಭವಾಯಿತು. 2021ರಲ್ಲಿ ವಿಮಾನ ನಿಲ್ದಾಣ ಪ್ರಾಧಿಕಾರವು ಹಾರಾಟ ಶಾಲೆಗಳಿಗೆಂದು ದೇಶದಲ್ಲಿ ಆರಿಸಿದ ಐದು ನಿಲ್ದಾಣಗಳಲ್ಲಿ ಕಲಬುರಗಿ, ಬೆಳಗಾವಿ ಎರಡೂ ಇದ್ದವು.

ಕನ್ನಡ ನಾಡಿಗೆ ಈ ವಿದ್ಯೆ ಹೊಸದೂ ಅಲ್ಲ. ಬೆಂಗಳೂರಿನ ಜಕ್ಕೂರಿನಲ್ಲಿ ಸರಕಾರಿ ಹಾರಾಟ ಶಾಲೆ ಆರಂಭವಾದದ್ದು ಸ್ವಾತಂತ್ರ್ಯ ಬಂದ ಹೊಸದರಲ್ಲಿ, ಮೈಸೂರು ಸಂಸ್ಥಾನದ ಆಸರೆಯಲ್ಲಿ. 1949ರಲ್ಲಿ ಅಲ್ಲಿಂದ ಕಲಿತು ಹೊರಬಂದವರಲ್ಲಿ ಮೊದಲಿಗರು ಉಷಾ ಸುಂದರಂ ಎಂಬ ಹೆಣ್ಣುಮಗಳು. ಪತಿಯೊಡನೆ ಮೈಸೂರು ಮಹಾರಾಜರ ಡಕೋಟಾ ವಿಮಾನವನ್ನು ನಡೆಸಿದವರು ಅವರು. ಹೆಣ್ಣುಮಕ್ಕಳಿಗೆ ಇದೇಕೆ ಎಂದು ಇಂದು ಪ್ರಶ್ನಿಸುವ ಹಿರಿಯರು ಎಪ್ಪತ್ತೈದು ವರ್ಷ ತಡವಾಗಿ ಪ್ರಶ್ನಿಸುತ್ತಿದ್ದಾರೆಂದೇ ಹೇಳಬೇಕಾಗುತ್ತದೆ.

ಇನ್ನು ನಮ್ಮ ಮನೆಯ ವಿಷಯ. ಅಣ್ಣನ ಮೊಮ್ಮಗಳು ವಿಜ್ಞಾನದಲ್ಲಿ ಪಿಯುಸಿ ಮುಗಿಸಿದವಳು. ಆಕೆಯ ತಂದೆಗೆ ಇಂಡಿಯ ಸಮೀಪ ಆರು ಎಕರೆ ಜಮೀನು. ಅದರಲ್ಲಿ ನಾಲ್ಕು ಎಕರೆ ಲಿಂಬೆಯ ತೋಟ. ಇಂಡಿಯ ಲಿಂಬೆ ಎಂದರೆ ಭೌಗೋಳಿಕ ಸೂಚಕದ ಮನ್ನಣೆ ಪಡೆದ ಬೆಳೆ. ಆ ತೋಟವೇ ಆ ಮನೆಯ ಅನ್ನ. ಮಗಳು ಆಸೆ ಹೇಳಿದ ತಿಂಗಳಲ್ಲಿಯೇ ತಂದೆ ತೋಟಕ್ಕೆ ಗಿರಾಕಿಯನ್ನು ನೋಡಿ, ಕಾಗದಪತ್ರಕ್ಕೆ ಸಿದ್ಧನಾಗಿ ನಮ್ಮ ಬಳಿಗೆ ಬಂದ.

"ಕಾಕಾ, ನೀವು ಒಂದ್ ಮಾತು ಹೂಂ ಅನ್ರಿ. ವಾರದಾಗ ಕಾಗದಾ ಮಾಡೂದೈತಿ" ಎಂದ.

"ಕಾಗದ ತಡೀಲಿ. ಮೊದಲ ಕೂಸಿನ ಕಣ್ಣು ತೋರಸು" ಎಂದೆವು.

ಹಾಗೆ ಹೇಳುವುದಕ್ಕೆ ಕಾರಣವಿತ್ತು. ಮುದ್ದೇಬಿಹಾಳದ ಕಡೆಯಿಂದ ನಮ್ಮಲ್ಲಿಗೆ ಬಂದ ಪಾಲಕರು ಮಗನಿಗಾಗಿ ಎರೆಹೊಲ ಮಾರಿ, ಒಂದು ತರಬೇತಿ ಸಂಸ್ಥೆಗೆ ದೊಡ್ಡ ಮೊತ್ತವನ್ನು ಮುಂಗಡವಾಗಿ ಕಟ್ಟಿದ್ದರು. ಆಮೇಲೆ ವೈದ್ಯಕೀಯ ಪರೀಕ್ಷೆಗೆ ಹೋದಾಗ ಹುಡುಗನ ಕಣ್ಣಿಗೆ ಕೆಂಪು-ಹಸಿರುಗಳ ಭೇದ ಸರಿಯಾಗಿ ತಿಳಿಯದೆಂಬುದು ಗೊತ್ತಾಯಿತು. ಹುಡುಗ ಜಾಣ, ದೃಷ್ಟಿ ನಿಚ್ಚಳ. ತನ್ನ ಕಣ್ಣಿಗೆ ಅಂಥ ಕೊರತೆಯಿದೆಯೆಂದು ಹತ್ತೊಂಬತ್ತು ವರ್ಷ ಅವನಿಗೂ ಗೊತ್ತಿರಲಿಲ್ಲ, ಹೆತ್ತವರಿಗೂ ಗೊತ್ತಿರಲಿಲ್ಲ. ಈ ವರ್ಣಾಂಧತೆ ಹುಟ್ಟಿನಿಂದಲೇ ಬರುವಂಥದು. ಬಹುತೇಕ ತಾಯಿಯ ಮೂಲಕ ಮಗನಿಗೆ ಇಳಿಯುವಂಥದು. ತಾಯಿಗೆ ತೊಂದರೆ ಕಾಣದೆಯೂ ಮಗನಲ್ಲಿ ಕಾಣಿಸಿಕೊಳ್ಳುತ್ತದೆ. ಆದ್ದರಿಂದಲೇ ಗಂಡುಮಕ್ಕಳಲ್ಲಿ ಹೆಚ್ಚು. ಇದಕ್ಕೆ ಕನ್ನಡಕವೂ ಇಲ್ಲ, ಔಷಧವೂ ಇಲ್ಲ. ಓಡುದಾರಿಯ ದೀಪಗಳು, ಎದುರಿನ ವಿಮಾನದ ರೆಕ್ಕೆಯ ದೀಪಗಳು, ನಿಯಂತ್ರಣ ಗೋಪುರದ ಸಂಕೇತ, ಎಲ್ಲವೂ ಕೆಂಪು, ಹಸಿರು, ಬಿಳಿಯ ಭಾಷೆಯಲ್ಲಿಯೇ ಮಾತನಾಡುವುದರಿಂದ ನಿಯಮ ಇಲ್ಲಿ ಕಟ್ಟುನಿಟ್ಟು. ಕಟ್ಟಿದ ಹಣದಲ್ಲಿ ಎಷ್ಟು ತಿರುಗಿ ಬಂದೀತೆಂದು ಆ ಪಾಲಕರು ಇನ್ನೂ ಅಲೆದಾಡುತ್ತಿದ್ದಾರೆ. ಹೊಲವಂತೂ ತಿರುಗಿ ಬರುವುದಿಲ್ಲ.

ಆದ್ದರಿಂದ ಬಂಧುಗಳು ಮೊದಲು ಗಮನಿಸಬೇಕಾದದ್ದು ಸಿದ್ಧತೆಯ ಕ್ರಮ. ವಿದ್ಯಾರ್ಥಿ ಚಾಲಕನ ಪರವಾನಗಿಗೆ 16 ವರ್ಷ ತುಂಬಿರಬೇಕು; ಖಾಸಗಿ ಪರವಾನಗಿಗೆ 17; ವಾಣಿಜ್ಯ ಪರವಾನಗಿಗೆ 18. ವಾಣಿಜ್ಯ ಪರವಾನಗಿಗೆ ಪಿಯುಸಿಯಲ್ಲಿ ಭೌತಶಾಸ್ತ್ರ, ಗಣಿತ ಎರಡೂ ಇರಬೇಕೆಂಬುದು ಬಹುಕಾಲದ ನಿಯಮ. ಇದನ್ನು ಸಡಿಲಿಸುವ ಮಾತು 2025ರಲ್ಲಿ ಕೇಳಿಬಂದಿದೆ. ಸೇರುವ ವರ್ಷದ ನಿಯಮವನ್ನು ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯದಿಂದಲೇ, ಅಂದರೆ ಡಿಜಿಸಿಎಯಿಂದಲೇ ಖಚಿತಪಡಿಸಿಕೊಳ್ಳುವುದು ಕ್ಷೇಮ. ಆನಂತರ ಶರೀರದ ಪರೀಕ್ಷೆ. ಡಿಜಿಸಿಎ ಮಾನ್ಯ ಮಾಡಿದ ವೈದ್ಯರಲ್ಲಿ ಮೊದಲು ಎರಡನೆಯ ದರ್ಜೆಯ ಪರೀಕ್ಷೆ. ಅದರಲ್ಲಿ ಯೋಗ್ಯರೆನಿಸಿದ ಮೇಲೆ ಒಂದನೆಯ ದರ್ಜೆಯದು. ಇದಕ್ಕಾಗಿ ಹೋಗುವ ಸ್ಥಳಗಳಲ್ಲಿ ಬೆಂಗಳೂರಿನ ವೈಮಾಂತರಿಕ್ಷ ವೈದ್ಯಕೀಯ ಸಂಸ್ಥೆಯೂ ಒಂದು. 1957ರಲ್ಲಿ ಸ್ಥಾಪನೆಗೊಂಡ ವಾಯುಪಡೆಯ ಸಂಸ್ಥೆ. ಕಣ್ಣು, ಕಿವಿ, ಹೃದಯ, ರಕ್ತ, ಮೂತ್ರ, ಎಲ್ಲವನ್ನೂ ಅಲ್ಲಿ ನೋಡುತ್ತಾರೆ. ಕನ್ನಡಕವಿದ್ದರೆ ಅನರ್ಹರೆಂಬುದು ನಮ್ಮ ಕಡೆಯ ತಪ್ಪು ಕಲ್ಪನೆ. ಕನ್ನಡಕದಿಂದ ದೃಷ್ಟಿ ಪೂರ್ಣವಾಗಿ ಸರಿಹೋಗುವಂತಿದ್ದು, ಅದರ ಸಂಖ್ಯೆ ನಿಯಮದ ಮಿತಿಯೊಳಗಿದ್ದರೆ ಅಡ್ಡಿಯಿಲ್ಲ. ಒಂದನೆಯ ದರ್ಜೆಯ ಪ್ರಮಾಣಪತ್ರ ಕೈಗೆ ಬರುವ ಮೊದಲು ದೊಡ್ಡ ಮೊತ್ತದ ಒಂದು ರೂಪಾಯಿಯನ್ನೂ ಯಾರಿಗೂ ಕಟ್ಟಬಾರದು. ಈ ಲೇಖನದಲ್ಲಿ ಮತ್ತೇನೂ ನೆನಪಿನಲ್ಲಿ ಉಳಿಯದಿದ್ದರೂ ಈ ಒಂದು ಮಾತು ಉಳಿಯಲಿ.

ನಮ್ಮ ಮೊಮ್ಮಗಳ ಕಣ್ಣು ಕನ್ನಡಕದೊಡನೆ ಪರೀಕ್ಷೆ ಗೆದ್ದಿತು; ರಕ್ತ ಗೆಲ್ಲಲಿಲ್ಲ. ಹಿಮೋಗ್ಲೋಬಿನ್ ಕಡಿಮೆಯೆಂದು ತಾತ್ಕಾಲಿಕವಾಗಿ ಅನರ್ಹಳೆಂದರು. ನಮ್ಮ ಭಾಗದ ಹೆಣ್ಣುಮಕ್ಕಳಲ್ಲಿ ರಕ್ತಹೀನತೆ ಎಷ್ಟು ಸಾಮಾನ್ಯವೆಂದರೆ ಅದನ್ನು ನಾವು ರೋಗವೆಂದೇ ಎಣಿಸುವುದಿಲ್ಲ. ಎಲ್ಲರೂ ಉಂಡಾದ ಮೇಲೆ ಉಳಿದದ್ದನ್ನು ಉಣ್ಣುವ ಪದ್ಧತಿಗೆ ಗುಣವೆಂದು ಹೆಸರಿಟ್ಟಿದ್ದೇವೆ. ವೈದ್ಯರು ಕಬ್ಬಿಣಾಂಶದ ಗುಳಿಗೆ ಕೊಟ್ಟರು. ಮನೆಯಲ್ಲಿ ಸಜ್ಜಿ ರೊಟ್ಟಿ, ರಾಜಗಿರಿ, ಹತ್ತರಕಿ ಪಲ್ಯ ಹೆಚ್ಚಾದವು; ಊಟದ ಜೊತೆ ಚಹಾ ನಿಂತಿತು, ಲಿಂಬೆರಸ ಬಂದಿತು. ಹುಳಿಹಣ್ಣಿನ ರಸವು ಆಹಾರದೊಳಗಿನ ಕಬ್ಬಿಣಾಂಶ ಮೈಗೆ ಹತ್ತುವಂತೆ ಮಾಡುತ್ತದೆ, ಚಹಾ ಅದನ್ನು ತಡೆಯುತ್ತದೆ. ತಂದೆ ಮಾರಲು ಹೊರಟಿದ್ದ ತೋಟದ ಹಣ್ಣೇ ಮಗಳ ನೆರವಿಗೆ ಬಂದಿತು. ನಾಲ್ಕನೆಯ ತಿಂಗಳು ಮರುಪರೀಕ್ಷೆಯಲ್ಲಿ ಯೋಗ್ಯಳೆಂದು ಪ್ರಮಾಣಪತ್ರ ದೊರೆಯಿತು.

ಆ ನಾಲ್ಕು ತಿಂಗಳು ವ್ಯರ್ಥವಾಗಲಿಲ್ಲ. ಆಕೆ ಬಾಗೇವಾಡಿಯಲ್ಲಿ ನಮ್ಮ ಮನೆಯಲ್ಲಿದ್ದು ಪುಸ್ತಕ ಹಿಡಿದಳು. ನಾವೂ ಕುತೂಹಲದಿಂದ ಪಕ್ಕದಲ್ಲಿ ಕುಳಿತೆವು. ವಾಣಿಜ್ಯ ಪರವಾನಗಿಗೆ ವಾಯುನಿಯಮ, ಪಥನಿರ್ಣಯ, ಹವಾಮಾನ, ವಿಮಾನದ ತಾಂತ್ರಿಕ ವಿಷಯ ಮುಂತಾದ ಪತ್ರಿಕೆಗಳಿವೆ. ಪ್ರತಿಯೊಂದರಲ್ಲಿ ನೂರಕ್ಕೆ 70 ಅಂಕ ಬರಬೇಕು. ಇವಲ್ಲದೆ ರೇಡಿಯೋ ಸಂಭಾಷಣೆಯ ಪರೀಕ್ಷೆ ಬೇರೆ. ಒಮ್ಮೆ ಪಥನಿರ್ಣಯದ ಲೆಕ್ಕದಲ್ಲಿ ಆಕೆ ತೊಡಕಿಗೆ ಬಿದ್ದಳು. ಗಾಳಿ ಅಡ್ಡ ಬೀಸುವಾಗ ವಿಮಾನದ ಮೂತಿ ಒಂದು ಕಡೆ ಇದ್ದು, ಅದು ಸಾಗುವ ದಾರಿ ಇನ್ನೊಂದು ಕಡೆ ಇರುವುದೆಂದರೇನು ಎಂಬುದು ಆಕೆಯ ತೊಡಕು. ಇದನ್ನು ವಿವರಿಸಲು ನಮಗೆ ಭೌತಶಾಸ್ತ್ರ ಬೇಕಾಗಲಿಲ್ಲ. ಸೇತುವೆಗಳಿಲ್ಲದ ಕಾಲದಲ್ಲಿ ತುಂಬಿದ ಕೃಷ್ಣೆಯನ್ನು ದಾಟಿಸುವ ಅಂಬಿಗನು ಎದುರು ದಡದ ಕಟ್ಟೆಗೆ ನೇರವಾಗಿ ದೋಣಿ ಬಿಡುತ್ತಿರಲಿಲ್ಲ. ಹರಿವಿಗೆ ಎದುರಾಗಿ, ಮೇಲಿನ ಕಡೆಗೆ ಮೂತಿ ಮಾಡಿ ಹುಟ್ಟು ಹಾಕುತ್ತಿದ್ದ; ನೀರು ಕೆಳಕ್ಕೆ ತಳ್ಳುವಷ್ಟು ತಳ್ಳಿ, ದೋಣಿ ಸರಿಯಾಗಿ ಕಟ್ಟೆಗೇ ಬಂದು ಮುಟ್ಟುತ್ತಿತ್ತು. ಆಕಾಶದಲ್ಲಿ ನೀರಿನ ಬದಲು ಗಾಳಿ, ಅಷ್ಟೇ. ಆಕೆ ನಕ್ಕು, "ಮುತ್ಯಾ, ಹಂಗಾದ್ರ ಪೈಲಟ್ ಅಂದ್ರ ಅಂಬಿಗ ಅನ್ರಿ" ಎಂದಳು. ಹೌದು, ಅಂಬಿಗನೇ. ದೋಣಿಯೊಳಗಿನವರೆಲ್ಲರ ಜೀವ ಅವನ ಕೈಯಲ್ಲಿರುವುದೂ ಹಾಗೆಯೇ.

ಆಕೆಯಿಂದ ನಾವೂ ಕಲಿತೆವು. ದಿಕ್ಕು ಒಂದು ಡಿಗ್ರಿಯಷ್ಟು ತಪ್ಪಿದರೆ 60 ಮೈಲಿ ಸಾಗುವುದರೊಳಗೆ ವಿಮಾನ ಒಂದು ಮೈಲಿ ಪಕ್ಕಕ್ಕೆ ಸರಿದಿರುತ್ತದೆ ಎಂಬ ಲೆಕ್ಕ ಆಕೆಯ ಪುಸ್ತಕದಲ್ಲಿದೆ. ಚಿಕ್ಕ ತಪ್ಪು ದೂರ ಹೋದಷ್ಟೂ ದೊಡ್ಡದಾಗುತ್ತದೆಂಬ ಹಿರಿಯರ ಮಾತಿಗೆ ಅಲ್ಲಿ ಅಂಕಿ-ಸಂಖ್ಯೆಯ ರುಜುವಾತು ದೊರೆಯಿತು. ಇನ್ನೊಂದು ದಿನ ನಮ್ಮ ಬೇಸಿಗೆಯ ಲೆಕ್ಕ ಬಂದಿತು. ವಿಜಯಪುರದ ನೆಲ ಸಮುದ್ರ ಮಟ್ಟದಿಂದ ಹೆಚ್ಚುಕಡಿಮೆ 2000 ಅಡಿ ಎತ್ತರ. ಆ ಎತ್ತರದಲ್ಲಿ ವಿಮಾನಶಾಸ್ತ್ರವು ಪ್ರಮಾಣವೆಂದು ಎಣಿಸುವ ಉಷ್ಣತೆ 11 ಡಿಗ್ರಿ. ಏಪ್ರಿಲ್ ತಿಂಗಳ ಮಧ್ಯಾಹ್ನ 40 ಡಿಗ್ರಿ ಬಿಸಿಲಿದ್ದರೆ ಗಾಳಿ ಕಾದು ತೆಳುವಾಗುತ್ತದೆ. ಒಂದೊಂದು ಡಿಗ್ರಿ ಹೆಚ್ಚಳಕ್ಕೆ ಸುಮಾರು 120 ಅಡಿಯಂತೆ ಕೂಡಿಸಿದರೆ, ನಮ್ಮ 2000 ಅಡಿಯ ನೆಲ ವಿಮಾನದ ರೆಕ್ಕೆಗೆ ಸುಮಾರು 5500 ಅಡಿ ಎತ್ತರದ ಬೆಟ್ಟದ ನೆಲದಂತೆ ಆಗುತ್ತದೆ. ರೆಕ್ಕೆಗೆ ಆಧಾರ ಕಡಿಮೆ, ಯಂತ್ರಕ್ಕೆ ಉಸಿರು ಕಡಿಮೆ; ಆದ್ದರಿಂದ ನೆಲ ಬಿಡಲು ಹೆಚ್ಚು ದೂರ ಓಡಬೇಕು, ಏರುವುದು ನಿಧಾನ. ಬೆಳಗಿನ ತಂಪಿನಲ್ಲಿ ಕಲಿಯುವವರು ಹೆಚ್ಚು ಹಾರುವುದಕ್ಕೆ ಇದೂ ಒಂದು ಕಾರಣ. ಬಿತ್ತುವವನು ಹದ ನೋಡುವಂತೆ ಹಾರುವವನೂ ಹದ ನೋಡಬೇಕು.

ಇಲ್ಲಿ ನಮ್ಮ ಪಾಠಶಾಲೆಗೂ ಅವರ ಪಾಠಕ್ಕೂ ಇರುವ ಒಂದು ಭೇದವನ್ನು ಹೇಳಬೇಕು. ಮಠದಲ್ಲಿ ಓದುವಾಗ ನಮಗೆ ಕಂಠಪಾಠವೇ ಹಿರಿಮೆ. ಗ್ರಂಥ ನೋಡಿ ಹೇಳುವವನನ್ನು ಗುರುಗಳು ಮೆಚ್ಚುತ್ತಿರಲಿಲ್ಲ. ವಿಮಾನದಲ್ಲಿ ಹಾಗಲ್ಲ. ಸಾವಿರ ಸಲ ಮಾಡಿದ ಕೆಲಸವಾದರೂ ಪಟ್ಟಿಯನ್ನು ಎದುರಿಗಿಟ್ಟುಕೊಂಡು ಒಂದೊಂದೇ ಅಂಶ ಓದಿ, ಕೈಯಿಂದ ಮುಟ್ಟಿ ನೋಡಬೇಕು. 1935ರ ಅಕ್ಟೋಬರ 30ರಂದು ಅಮೆರಿಕೆಯಲ್ಲಿ ಬೋಯಿಂಗ್ ಸಂಸ್ಥೆಯ ಹೊಸ ವಿಮಾನವೊಂದು, ಅತ್ಯಂತ ಅನುಭವಿ ಚಾಲಕರ ಕೈಯಲ್ಲಿಯೇ, ಮೇಲೇರುತ್ತಲೇ ಬಿದ್ದಿತು. ನಿಂತ ವಿಮಾನದ ರೆಕ್ಕೆ-ಬಾಲಗಳ ಫಲಕಗಳು ಗಾಳಿಗೆ ಅಲುಗದಂತೆ ಹಾಕಿಡುವ ಬೀಗವನ್ನು ತೆಗೆಯಲು ಮರೆತದ್ದೇ ಕಾರಣ. ಆ ದುರಂತದ ಬಳಿಕ ಈ ಪಟ್ಟಿಯ ಪದ್ಧತಿ ಬಲವಾಗಿ ನೆಲೆಯೂರಿತು. ಹಿಂಗಾರಿ ಜೋಳ ಬಿತ್ತುವ ನಮ್ಮ ರೈತನೂ ಹೊಲಕ್ಕೆ ಹೋಗುವ ಮುನ್ನ ಕೂರಿಗೆಯ ತಾಳು, ಬಟ್ಟಲು, ನೊಗ, ಹಗ್ಗ ಎಲ್ಲವನ್ನೂ ಮುಟ್ಟಿ ನೋಡುತ್ತಾನೆ. ವಿದ್ಯಾರ್ಥಿಯೂ ವಿಮಾನದ ಸುತ್ತ ಒಂದು ಪ್ರದಕ್ಷಿಣೆ ಬಂದು ಗಾಲಿ, ರೆಕ್ಕೆ, ಎಣ್ಣೆ ನೋಡುತ್ತಾನೆ. ಇಂಧನದ ತೊಟ್ಟಿಯ ತಳದಿಂದ ಒಂದಿಷ್ಟು ತೆಗೆದು, ನೀರು ಸೇರಿದೆಯೇ ಎಂದು ಪರೀಕ್ಷಿಸುತ್ತಾನೆ. ನೆನಪಿನ ಮೇಲಿನ ಅಭಿಮಾನವನ್ನು ನೆಲದ ಮೇಲೆಯೇ ಬಿಟ್ಟು ಹತ್ತುವುದು ಅಲ್ಲಿಯ ವಿನಯ.

ಆದರೆ ಒಂದು ವಿಷಯದಲ್ಲಿ ಎರಡೂ ಪಾಠ ಒಂದೇ. ಗುರುಗಳು ಹೇಳಿದ್ದನ್ನು ಶಿಷ್ಯ ತಿರುಗಿ ಹೇಳಬೇಕು. ತಪ್ಪಿದರೆ ಗುರುಗಳು ತಿದ್ದಬೇಕು. ರೇಡಿಯೋದಲ್ಲಿ ಗೋಪುರದವರು ಕೊಟ್ಟ ಅಪ್ಪಣೆಯನ್ನು ಚಾಲಕ ಹಾಗೆಯೇ ತಿರುಗಿ ಹೇಳುತ್ತಾನೆ. ಈ ಮಾತುಕತೆಗೆ ಇಂಗ್ಲಿಷಿನ ನಿಗದಿತ ಪ್ರಾವೀಣ್ಯ ಬೇಕು. ಕನ್ನಡ ಮಾಧ್ಯಮದಲ್ಲಿ ಓದಿದ ನಮ್ಮ ಮಕ್ಕಳು ಇದಕ್ಕೆ ಹೆದರಬೇಕಾಗಿಲ್ಲ. ಅಲ್ಲಿ ಬೇಕಾದದ್ದು ಅಲಂಕಾರದ ಇಂಗ್ಲಿಷಲ್ಲ, ಅಳೆದು ಆಡುವ ಮಾತುಗಳ ಸ್ಪಷ್ಟ ಉಚ್ಚಾರ. ದಿನಕ್ಕೆ ಒಂದು ಗಂಟೆ ಗಟ್ಟಿಯಾಗಿ ಓದಿದರೆ ನಾಲಗೆ ತಿರುಗುತ್ತದೆ. ತಿಳಿಯದಿದ್ದಾಗ "ಇನ್ನೊಮ್ಮೆ ಹೇಳಿ" ಎಂದು ಕೇಳುವ ಧೈರ್ಯ ಮಾತ್ರ ಅದಕ್ಕಿಂತ ಮುಖ್ಯ.

ಆ ಧೈರ್ಯದ ಬೆಲೆ ಎಷ್ಟೆಂಬುದಕ್ಕೆ ಒಂದು ಉದಾಹರಣೆ ಸಾಕು. 1977ರ ಮಾರ್ಚ್ 27ರಂದು ಟೆನೆರಿಫ್ ಎಂಬ ದ್ವೀಪದ ನಿಲ್ದಾಣದಲ್ಲಿ, ದಟ್ಟ ಮಂಜಿನ ನಡುವೆ, ಎರಡು ಬೃಹತ್ ವಿಮಾನಗಳು ಒಂದೇ ಓಡುದಾರಿಯ ಮೇಲೆ ಡಿಕ್ಕಿಯಾಗಿ 583 ಜನ ಮಡಿದರು. ಗೋಪುರದ ಮಾತು ತಪ್ಪಾಗಿ ಅರ್ಥವಾಗಿ ಒಂದು ವಿಮಾನ ಅಪ್ಪಣೆಯಿಲ್ಲದೆ ಓಟ ಆರಂಭಿಸಿತು. ಆ ವಿಮಾನದೊಳಗಿನ ಒಬ್ಬ ಕಿರಿಯರಿಗೆ ಸಂಶಯ ಬಂದಿತ್ತು. ಇನ್ನೊಂದು ವಿಮಾನ ದಾರಿ ಬಿಟ್ಟಿದೆಯೇ ಎಂದು ಅವರು ಕೇಳಿದರು ಕೂಡ. ಹಿರಿಯ ನಾಯಕ ಬಿಟ್ಟಿದೆಯೆಂದುಬಿಟ್ಟರು. ಕಿರಿಯರು ಸುಮ್ಮನಾದರು. ಅಂದಿನಿಂದ ವಿಮಾನ ಚಾಲಕರ ಶಿಕ್ಷಣದಲ್ಲಿ ಕಿರಿಯರು ಹಿರಿಯರಿಗೆ ಎದುರು ಹೇಳುವುದನ್ನೂ, ಹಿರಿಯರು ಅದನ್ನು ಕೇಳುವುದನ್ನೂ ಪಾಠವಾಗಿಯೇ ಕಲಿಸತೊಡಗಿದರು.

ಇದನ್ನು ಓದಿದ ದಿನ ನಾವು ಬಹಳ ಹೊತ್ತು ಯೋಚಿಸಿದೆವು. ನಮ್ಮ ಮನೆಗಳಲ್ಲಿ ಎದುರು ಮಾತಾಡದ ಮಗುವೇ ಒಳ್ಳೆಯ ಮಗು. ಹಿರಿಯರಲ್ಲಿ ಗೌರವ ಬೇಕು, ಸಂಶಯವಿಲ್ಲ. ಆದರೆ ಗೌರವವೂ ಬಾಯಿ ಮುಚ್ಚುವುದೂ ಒಂದೇ ಅಲ್ಲ. ಹನ್ನೆರಡನೆಯ ಶತಮಾನದಲ್ಲಿ ಅನುಭವ ಮಂಟಪದಲ್ಲಿ ಕುಳಿತವರು ಪ್ರಶ್ನೆ ಕೇಳುತ್ತಲೇ ದೊಡ್ಡವರಾದರೆಂದು ವರ್ಷಕ್ಕೊಮ್ಮೆ ಭಾಷಣ ಮಾಡುವ ನಾವು, ಮನೆಯ ಮಗಳು "ಅಪ್ಪಾ, ಇದು ನನ್ನಿಂದ ಆಗೂದಿಲ್ಲ" ಎಂದರೆ ಕೇಳುವುದಕ್ಕೆ ಸಿದ್ಧರಿದ್ದೇವೆಯೇ?

ಹಾರಾಟದ ಶಾಲೆಯಲ್ಲಿ ಯಂತ್ರದಷ್ಟೇ ತನ್ನನ್ನೂ ಪರೀಕ್ಷಿಸಿಕೊಳ್ಳುವುದನ್ನು ಕಲಿಸುತ್ತಾರೆ. ಇಂದು ನನಗೆ ಕಾಯಿಲೆಯಿದೆಯೇ, ಔಷಧ ತೆಗೆದುಕೊಂಡಿದ್ದೇನೆಯೇ, ಮನಸ್ಸಿಗೆ ಚಿಂತೆಯಿದೆಯೇ, ನಿದ್ದೆ ಸಾಕಾಗಿದೆಯೇ, ಊಟವಾಗಿದೆಯೇ ಎಂದು ಪ್ರತಿದಿನ ತನ್ನನ್ನು ತಾನೇ ಕೇಳಿಕೊಳ್ಳಬೇಕು. ಮದ್ಯದ ವಿಷಯದಲ್ಲಿ ಹಾರಾಟಕ್ಕೆ ಮೊದಲಿನ 12 ಗಂಟೆ ಸಂಪೂರ್ಣ ನಿಷೇಧ. ನೆಗಡಿಯ ಗುಳಿಗೆಯೂ ಮಂಪರು ತರುತ್ತದೆ. ನೆಗಡಿಯಾದಾಗ ಕೆಳಗಿಳಿಯುವ ಹೊತ್ತಿಗೆ ಕಿವಿ ಕಟ್ಟಿ ತೀವ್ರ ನೋವಾಗುತ್ತದೆ. ಊಟದ ಪ್ರಶ್ನೆ ನಮ್ಮ ಅಡುಗೆಮನೆಗೇ ಸಂಬಂಧಿಸಿದ್ದು. ಮೊಮ್ಮಗಳು ಪೈಲಟ್ ಆಗುವ ತನಕ ಶ್ರಾವಣದ ಸೋಮವಾರಗಳಂದು ಆಕೆ ನಿರಾಹಾರ ಇರಬೇಕೆಂದು ನಮ್ಮ ಅತ್ತಿಗೆಯವರು ಹರಕೆ ಹೊತ್ತಿದ್ದರು. ಹಸಿದ ಹೊಟ್ಟೆಯಲ್ಲಿ ರಕ್ತದೊಳಗಿನ ಸಕ್ಕರೆ ಇಳಿದರೆ ಕೈ ನಡುಗುತ್ತದೆ, ನಿರ್ಣಯ ತಡವಾಗುತ್ತದೆ; ನೆಲದ ಮೇಲಾದರೆ ಕುಳಿತು ಸುಧಾರಿಸಿಕೊಳ್ಳಬಹುದು, ಆಕಾಶದಲ್ಲಿ ಕುಳಿತುಕೊಳ್ಳಲು ಕಟ್ಟೆಯಿಲ್ಲ. ಹಾರುವ ದಿನ ಉಂಡು ಹೋಗುವುದೇ ಆಕೆಯ ವ್ರತವೆಂದು ನಾವು ತಿಳಿಸಿ ಹೇಳಿದೆವು. ಅತ್ತಿಗೆಯವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಆಗಲ್ರಿ, ಆಕೀ ಉಪವಾಸಾನೂ ನಾನ ಹಿಡೀತೀನಿ. ಆಕಿ ಉಂಡು ಹೋಗ್ಲಿ" ಎಂದರು. ಇಷ್ಟು ಸರಳವಾಗಿ ಬಗೆಹರಿಯಬಹುದಾದದ್ದನ್ನು ನಾವು ಎಷ್ಟೋ ಮನೆಗಳಲ್ಲಿ ಧರ್ಮಸಂಕಟ ಮಾಡಿಕೊಂಡಿರುತ್ತೇವೆ.

ಈಗ ತೋಟದ ಪ್ರಶ್ನೆಗೆ ಬರೋಣ. ವಾಣಿಜ್ಯ ಪರವಾನಗಿಯವರೆಗಿನ ಖರ್ಚು ಅರ್ಧ ಕೋಟಿ ರೂಪಾಯಿಯ ಆಚೀಚೆ; ಹಲವು ಕಡೆ ಅದಕ್ಕೂ ಹೆಚ್ಚು. ಕನಿಷ್ಠ 200 ಗಂಟೆ ಹಾರಬೇಕು. ಅದರಲ್ಲಿ 100 ಗಂಟೆ ತಾನೇ ನಾಯಕನಾಗಿ. ರಾತ್ರಿಯ ಹಾರಾಟ, ಉಪಕರಣಗಳನ್ನೇ ನೆಚ್ಚಿದ ಹಾರಾಟ ಬೇರೆ ಬೇರೆ. ಪರವಾನಗಿ ಬಂದ ಮೇಲೆಯೂ ದೊಡ್ಡ ವಿಮಾನದ ಬಗೆಗೆ ಪ್ರತ್ಯೇಕ ತರಬೇತಿ, ಪ್ರತ್ಯೇಕ ಖರ್ಚು. ಕೆಲಸ ಕೂಡಲೇ ದೊರೆಯುತ್ತದೆಂಬ ಭರವಸೆ ಯಾರೂ ಕೊಡಲಾರರು. ಶಾಲೆಯನ್ನು ಆರಿಸುವಾಗ ಜಾಹೀರಾತು ನೋಡಬಾರದು. ಹಾರುವ ಸ್ಥಿತಿಯಲ್ಲಿ ಎಷ್ಟು ವಿಮಾನಗಳಿವೆ, ಎಷ್ಟು ಶಿಕ್ಷಕರಿದ್ದಾರೆ, ಒಬ್ಬ ವಿದ್ಯಾರ್ಥಿಗೆ ತಿಂಗಳಿಗೆ ಎಷ್ಟು ಗಂಟೆ ಸಿಗುತ್ತದೆ ಎಂಬುದನ್ನು ಅಲ್ಲಿ ಕಲಿಯುತ್ತಿರುವ ಮಕ್ಕಳಿಂದಲೇ ಕೇಳಬೇಕು. ಡಿಜಿಸಿಎ 2025ರಲ್ಲಿ ಹಾರಾಟ ಶಾಲೆಗಳಿಗೆ ಶ್ರೇಣಿ ಕೊಡುವ ಪದ್ಧತಿ ಆರಂಭಿಸಿದೆ, ಅದನ್ನೂ ನೋಡಬೇಕು. ಹಣವನ್ನು ಹಾರಿದಷ್ಟು ಗಂಟೆಗೆ ಕಂತಾಗಿ ಕಟ್ಟಬೇಕೇ ಹೊರತು ಒಟ್ಟಿಗೆ ಅಲ್ಲ. ಖರ್ಚು ಭರಿಸಲಾಗದ ಮನೆಯ ಮಕ್ಕಳಿಗೆ ಇನ್ನೊಂದು ದಾರಿಯೂ ಇದೆ. ರಾಷ್ಟ್ರೀಯ ರಕ್ಷಣಾ ಅಕಾಡೆಮಿಯ ಮೂಲಕ ವಾಯುಪಡೆಗೆ ಸೇರಿದರೆ ಸರಕಾರವೇ ಕಲಿಸುತ್ತದೆ. 2022ರಿಂದ ಅಲ್ಲಿ ಹೆಣ್ಣುಮಕ್ಕಳಿಗೂ ಪ್ರವೇಶ ದೊರೆತು, ಅವರ ಮೊದಲ ತಂಡ 2025ರಲ್ಲಿ ಹೊರಬಂದಿದೆ. 1963ರಿಂದ ವಿಜಯಪುರದಲ್ಲಿರುವ ಸೈನಿಕ ಶಾಲೆ ಆ ದಾರಿಗೆ ನಮ್ಮ ಮನೆಬಾಗಿಲಿನ ಮೆಟ್ಟಿಲು.

ಆದರೂ ತೋಟ ಮಾರಬೇಡವೆಂದು ನಾವು ಹೇಳಿದ್ದು ಬರಿಯ ಹಣದ ಲೆಕ್ಕದಿಂದಲ್ಲ. ಒಂದು ಬೆಳಿಗ್ಗೆ ಮೋಡ ಕವಿದಿರುತ್ತದೆ. ಮಗಳಿಗೆ ರಾತ್ರಿ ನಿದ್ದೆಯಾಗಿರುವುದಿಲ್ಲ. ಯಂತ್ರದ ಸದ್ದಿನಲ್ಲಿ ಏನೋ ವ್ಯತ್ಯಾಸ ಕೇಳುತ್ತದೆ. ಆಗ ಆಕೆ "ಇಂದು ಬೇಡ" ಎನ್ನಬೇಕು. ಆ ಎರಡು ಮಾತು ಆಡಬಲ್ಲವರೇ ಈ ಕಾಯಕದಲ್ಲಿ ಬದುಕಿ ಉಳಿಯುತ್ತಾರೆ. ತಮ್ಮನ್ನು ನಂಬಿ ಹತ್ತಿದವರನ್ನೂ ಉಳಿಸುತ್ತಾರೆ. ತಂದೆಯ ಅನ್ನದ ತೋಟ ಮಾರಿದ ಹಣದಿಂದ ಹೋದ ಮಗಳಿಗೆ ಆ ಎರಡು ಮಾತು ಗಂಟಲಲ್ಲಿ ಸಿಕ್ಕಿಕೊಳ್ಳುತ್ತವೆ. ಒಂದು ದಿನ ತಪ್ಪಿದರೆ ಇಷ್ಟು ಸಾವಿರ, ಒಂದು ಪರೀಕ್ಷೆ ಸೋತರೆ ಇಷ್ಟು ಲಕ್ಷ ಎಂದು ಆಕೆಯ ಮನಸ್ಸು ಎಣಿಸತೊಡಗುತ್ತದೆ. ನಾಲ್ಕು ಎಕರೆಯ ಭಾರ ಹೊತ್ತು ಯಾವ ಹಕ್ಕಿಯೂ ಹಾರಲಾರದು.

ಇದನ್ನು ನಾವು ಅಣ್ಣನ ಮಗನಿಗೆ ಹೇಳಿದಾಗ ಅವನು ಉತ್ತರ ಕೊಡಲಿಲ್ಲ. ಎಂಟು ದಿನ ಬಿಟ್ಟು ಗಿರಾಕಿಯನ್ನು ಹಿಂದಕ್ಕೆ ಕಳಿಸಿದ. ಇಂಡಿ ಪಟ್ಟಣದೊಳಗೆ ಖಾಲಿ ಬಿದ್ದಿದ್ದ ಒಂದು ನಿವೇಶನವನ್ನು ಮಾರಿ, ಉಳಿದುದಕ್ಕೆ ಬ್ಯಾಂಕಿನ ಶೈಕ್ಷಣಿಕ ಸಾಲ ಮಾಡಿದ್ದಾನೆ. ಮೊದಲ ವರ್ಷ ಪುಸ್ತಕದ ಪರೀಕ್ಷೆಗಳು. ಅವುಗಳನ್ನು ಗೆದ್ದ ಮೇಲೆ ಮಾತ್ರ ಹಾರಾಟದ ಶಾಲೆಗೆ ಕಂತು. ಮಗಳನ್ನು ಬಸ್ಸು ಹತ್ತಿಸುವಾಗ ಅವನು ಹೇಳಿದ ಮಾತನ್ನು ಆಕೆಯೇ ನಮಗೆ ತಿಳಿಸಿದಳು: "ತ್ವಾಟ ಎಲ್ಲೀ ಹೋಗೂದಿಲ್ಲ, ಇಲ್ಲೇ ಇರತೈತಿ. ಹೆದರಿಕಿ ಬಂದ್ರ ಹೆದರಿಕಿ ಬಂತು ಅಂತ ಫೋನ್ ಮಾಡು. ಬ್ಯಾಡ ಅನಿಸಿದ್ರ ತಿರಿಗಿ ಬಾ." ಹೆತ್ತವರು ಕಲಿಯುವ ಮಕ್ಕಳಿಗೆ ಕೊಡಬಹುದಾದ ಬುತ್ತಿಯಲ್ಲಿ ಇದಕ್ಕಿಂತ ಹಿರಿದಾದುದನ್ನು ನಾವು ಕಾಣೆವು.

ಈಗ ಆಕೆ ಎರಡು ಪತ್ರಿಕೆಗಳಲ್ಲಿ ಉತ್ತೀರ್ಣಳಾಗಿದ್ದಾಳೆ. ಪಥನಿರ್ಣಯದಲ್ಲಿ 66 ಅಂಕ ಬಂದು ನಾಲ್ಕರಲ್ಲಿ ತಪ್ಪಿದೆ. ತಪ್ಪಿದ ದಿನವೇ ತಾನಾಗಿ ಮನೆಗೆ ಫೋನು ಮಾಡಿ ತಿಳಿಸಿದಳೆಂದು ಕೇಳಿ ನಮಗೆ ಗೆದ್ದಷ್ಟೇ ಸಮಾಧಾನವಾಯಿತು. ಇನ್ನೂ ವಿಮಾನ ಹತ್ತಿಲ್ಲ. ಹತ್ತುವ ದಿನ ಬಂದೀತು. ಶಿಕ್ಷಕರು ಪಕ್ಕದ ಆಸನದಿಂದ ಇಳಿದು, ಇನ್ನು ನೀನೊಬ್ಬಳೇ ಹೋಗಿ ಬಾ ಎನ್ನುವ ದಿನವೂ ಬಂದೀತು.

ನಮ್ಮ ನಾಲ್ಕೂ ತಾಲ್ಲೂಕುಗಳ ಪಾಲಕರಲ್ಲಿ ನಮ್ಮ ವಿನಂತಿ ಇಷ್ಟೇ. ಮಕ್ಕಳು ದೊಡ್ಡ ಆಸೆ ಹೇಳಿದಾಗ ನಗಬೇಡಿರಿ. ಕೇಳಿದ ಮರುದಿನವೇ ಹೊಲದ ಉತಾರವನ್ನು ಹುಡುಕಲೂ ಬೇಡಿರಿ. ಮೊದಲು ಶರೀರ, ಆಮೇಲೆ ಪುಸ್ತಕ, ಆಮೇಲೆ ಹಣ. ಈ ಕ್ರಮ ತಪ್ಪದಿರಲಿ. ಎಲ್ಲಕ್ಕಿಂತ ಮಿಗಿಲಾಗಿ, ನಿಜ ಹೇಳಿದ ಮಗುವಿಗೆ ಮನೆಯಲ್ಲಿ ಜಾಗವಿರಲಿ. ಎಷ್ಟು ಎತ್ತರ ಹಾರಿದ ವಿಮಾನಕ್ಕೂ ಇಳಿಯಲು ನೆಲ ಬೇಕು. ಆ ನೆಲವಾಗಿ ಉಳಿಯುವ ಬುದ್ಧಿಯನ್ನು ಬಸವಾದಿ ಶರಣರು ನಮಗೆಲ್ಲರಿಗೂ ಕರುಣಿಸಲೆಂದು ಹಾರೈಸುತ್ತೇವೆ.